‘ಫ್ರೆಂಚ್‌ನಲ್ಲಿ ನಿಯಮ ತಪ್ಪಿದ ಕ್ರಿಯಾಪದಗಳೇ ನೂರಾರಂತೆ, ಎಲ್ಲಾ ಬಾಯಿಪಾಠ ಮಾಡ್ಬೇಕಾ ಮೇಡಂ?’

ಪ್ರತಿ ಬ್ಯಾಚಿನಲ್ಲೂ ಎರಡನೇ ವಾರಕ್ಕೆ ಈ ಪ್ರಶ್ನೆ ಬರುತ್ತದೆ. ಮೊದಲೇ ಯಾರೋ ಹೆದರಿಸಿ ಕಳಿಸಿರುತ್ತಾರೆ. ಮತ್ತೊಮ್ಮೆ ಹೇಳುತ್ತೇನೆ: ಬೇಡ.

100 ಕ್ರಿಯಾಪದಗಳಲ್ಲಿ ಸುಮಾರು 90 ‘ಪಾರ್ಲೆ’ ಥರದವು. ಬಿಸ್ಕತ್ತಲ್ಲ, ‘ಮಾತಾಡು’ ಅಂತ ಅರ್ಥ. ಅದೊಂದು ಬಂದರೆ ಅಷ್ಟೂ ಬಂದ ಹಾಗೆ. ಎರಡನೇ ಗುಂಪು ‘ಫಿನೀರ್’ (ಮುಗಿಸು) ಥರದವು, ಇಡೀ ಭಾಷೆಯಲ್ಲಿ ಸುಮಾರು 300. ಅವೂ ಹೇಳಿದ ಮಾತು ಕೇಳುತ್ತವೆ.

ಗಲಾಟೆ ಎಲ್ಲಾ ಮೂರನೇ ಗುಂಪಿನದು. ಅಲ್ಲಿ ನಿಯಮವೇ ಇಲ್ಲ, ಒಂದೊಂದೂ ಒಂದೊಂದು ಥರ ಅನ್ನುತ್ತಾರೆ. ಇಲ್ಲ ಕಣ್ರಪ್ಪಾ! ಅವೆಲ್ಲ ಮನೆತನಗಳು. ‘ವನೀರ್’ (ಬರು) ‘ಜ಼ ವಿಯಾಂ’ (ನಾನು ಬರ್ತೀನಿ) ಆಗುತ್ತದೆ ಅಲ್ವಾ? ‘ರವನೀರ್’ (ವಾಪಸ್ ಬರು), ‘ದವನೀರ್’ (ಆಗು) ಕೂಡ ಅದೇ ದಾರಿ. ‘ತನೀರ್’ಗೆ (ಹಿಡಿ) ‘ತಿಯಾಂ’. ‘ಪ್ರಾಂದ್ರ್’ (ತಗೋ) ಗೊತ್ತಿದ್ದರೆ ‘ಆಪ್ರಾಂದ್ರ್’ (ಕಲಿ), ‘ಕೊಂಪ್ರಾಂದ್ರ್’ (ಅರ್ಥ ಮಾಡ್ಕೋ) ಎರಡೂ ಪುಕ್ಕಟೆ. ನಮ್ಮಲ್ಲೇ ನೋಡಿ. ‘ಮಾಡು’ ‘ಮಾಡಿದ’ ಆಗುತ್ತೆ, ‘ಕೊಡು’ ಮಾತ್ರ ‘ಕೊಡಿದ’ ಆಗಲ್ಲ. ಕೊಡು–ಕೊಟ್ಟ, ಬಿಡು–ಬಿಟ್ಟ, ಇಡು–ಇಟ್ಟ, ನೆಡು–ನೆಟ್ಟ. ಇದನ್ನು ನೀವು ಯಾವ ಚಾರ್ಟ್ ನೋಡಿ ಕಲಿತಿರಿ?

ಪದದ ಬಾಲವಂತೂ ಇನ್ನೂ ಶಿಸ್ತು. ವರ್ತಮಾನ ಕಾಲದಲ್ಲಿ ‘ವು’ (ನೀವು) ಬಂದರೆ ಕೊನೆಯಲ್ಲಿ ‘ಎ’. ತಪ್ಪಿಸಿಕೊಳ್ಳುವವು ಮೂರೇ ಮನೆ: ‘ವುಜ಼ೆತ್’ (ನೀವು ಇದ್ದೀರಿ), ‘ವು ಫೆತ್’ (ಮಾಡ್ತೀರಿ), ‘ವು ದಿತ್’ (ಹೇಳ್ತೀರಿ). ‘ಮಾಡ್ತಿದ್ದೆ, ಹೋಗ್ತಿದ್ದೆ’ ಅನ್ನುವ ಭೂತಕಾಲ ಹುಟ್ಟುವುದು ‘ನು’ (ನಾವು) ರೂಪದಿಂದ. ‘ಫಿನಿಸೋಂ’ ಬಾಲ ಕತ್ತರಿಸಿದರೆ ‘ಫಿನಿಸ್’, ಅದಕ್ಕೆ ಹೊಸ ಬಾಲ. ಇದಕ್ಕೆ ಒಪ್ಪದಿರುವುದು ‘ಎತ್ರ್’ (ಇರು) ಒಂದೇ. ಇಡೀ ಭಾಷೆಗೆ ಒಂದೇ!

ಮಗ್ಗಿಯ ಹಾಗೆ ಮೊದಲು ಬಾಯಿಗೆ ಬರಬೇಕಾದವು ನಾಲ್ಕು: ಎತ್ರ್, ಆವ್ವಾರ್ (‘ನನ್ನ ಹತ್ತಿರ ಪೆನ್ನಿದೆ’ ಅನ್ನುವಾಗಿನ ಇರು), ಆಲೆ (ಹೋಗು), ಫೇರ್ (ಮಾಡು). ‘ಅವರು’ ಜೊತೆ ಇವು ಸೋಂ, ಓಂ, ವೋಂ, ಫೋಂ ಆಗುತ್ತವೆ. ವರ್ತಮಾನ ಕಾಲದಲ್ಲಿ ಹಾಗೆ ಪ್ರಾಸ ಹಾಕುವವು ಈ ನಾಲ್ಕೇ. ಹಾಡಿಕೊಂಡು ಕಲಿಯಿರಿ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಫ್ರಾನ್ಸಿನಲ್ಲಿ ಹರಟೆ ಹೊಡೆಯುವಾಗ ‘ನು ಪಾರ್ಲೋಂ’ ಕೇಳಿಸುವುದು ಕಮ್ಮಿ, ‘ಓಂ ಪಾರ್ಲ್’ ಜಾಸ್ತಿ. ಮೇಲೆ ಹೇಳಿದ ‘ಓಂ’ ಬೇರೆ; ಈ ‘ಓಂ’ ಅರ್ಥದಲ್ಲಿ ನಾವು, ವ್ಯಾಕರಣದಲ್ಲಿ ಏಕವಚನ. ಆಗ ನಾನು, ನೀನು, ಅವನು, ನಾವು, ಅವರು ಎಲ್ಲರಿಗೂ ಕಿವಿಗೆ ಬೀಳುವುದು ಒಂದೇ ‘ಪಾರ್ಲ್’. ನೀವು ಅನ್ನುವಾಗ ಮಾತ್ರ ಬೇರೆ. ಕಷ್ಟ ಏನಿದ್ದರೂ ಬರೆಯುವಾಗ. ‘ಅವರು’ ಜೊತೆ ಕೊನೆಗೆ ಮೂರಕ್ಷರ ಸುಮ್ನೆ ಕೂತಿರುತ್ತವೆ, ಸದ್ದೇ ಮಾಡಲ್ಲ. ‘ದಿಕ್ತೆ’ ಅಂತ ಉಕ್ತಲೇಖನ ಕೊಟ್ಟಾಗ ಅಲ್ಲಿನ ಮಕ್ಕಳೂ ಎಡವುವುದು ಅಲ್ಲೇ.