ಪರ್ಸೆಂಟೇಜ್ ಕೇಳಿದವರು ಯಾರು?

ಸಂದರ್ಶನದ ತಾಲೀಮಿಗೆ ಬಂದು ಕೂತ ವಿಕಲಚೇತನರಿಗೆ ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಹೆಚ್ಚಿನವರ ಬಾಯಿಂದ ಮೊದಲು ಬರುವುದು ಹೆಸರಲ್ಲ, ಓದಲ್ಲ. ‘ನಂದು 65 ಪರ್ಸೆಂಟ್ ಐತ್ರಿ ಸರ್.’ ಮಾತಿನ ಜತೆಗೇ ಪ್ಲಾಸ್ಟಿಕ್ ಕವರಿನಿಂದ, ವಿಕಲತೆ ಎಷ್ಟು ಪರ್ಸೆಂಟ್ ಅಂತ ಬರೆದಿರುವ ಯುಡಿಐಡಿ ಗುರುತಿನ ಕಾರ್ಡು ಮೇಜಿಗೆ ಬೀಳುತ್ತದೆ. ಪಕ್ಕದಲ್ಲಿ ಕೂತ ಅಪ್ಪ ಸುಮ್ಮನಿರುವವರಲ್ಲ: ‘ಏನರ ಕುಂತು ಮಾಡೋ ಕೆಲಸ ಕೊಡ್ರಿ ಸರ, ಏನ್ ಕೊಟ್ರೂ ಮಾಡ್ತಾನ.’ ನಿಜವಾದ ಸಂದರ್ಶನದಲ್ಲೂ ಇದೇ ನಡೆಯುತ್ತದೆ. ಇಷ್ಟು ಮುಗಿಯುವ ಹೊತ್ತಿಗೆ ಎದುರಿನ ಮ್ಯಾನೇಜರ್ ‘ಫೋನ್ ಮಾಡ್ತೀವಿ’ ಅನ್ನಲು ತಯಾರಾಗಿರುತ್ತಾರೆ. ಹುಡುಗ ಏನು ಮಾಡಬಲ್ಲ ಅನ್ನುವ ಒಂದೇ ಒಂದು ಮಾತು ಇನ್ನೂ ಯಾರ ಬಾಯಿಂದಲೂ ಬಂದಿಲ್ಲ.

ಈ ಪರ್ಸೆಂಟೇಜಿನ ಗೀಳು ಮಾಸಾಶನದಿಂದ ಬಂದದ್ದು. ಅಲ್ಲಿ 40 ದಾಟಿದರೆ ಒಂದು ಮೊತ್ತ, 75 ದಾಟಿದರೆ ಇನ್ನೊಂದು. ಹಾಗಾಗಿ ಅಂಕಿ ಏರಿದಷ್ಟೂ ಲಾಭ ಅನ್ನುವ ಲೆಕ್ಕ ಮನೆಮಂದಿಯ ತಲೆಯಲ್ಲಿ ಕೂತಿದೆ. ಎಂಬತ್ತರೊಳಗಿನ ಹಳದಿ ಕಾರ್ಡಿನವರು ಎಂಬತ್ತು ದಾಟಿದವರ ನೀಲಿ ಕಾರ್ಡನ್ನು ಆಸೆಯಿಂದ ನೋಡುವುದೂ ಉಂಟು. ಅದೇ ಲೆಕ್ಕ ಹಿಡಿದು ಕೆಲಸ ಹುಡುಕಲು ಹೊರಡುತ್ತಾರೆ. 55 ಇದ್ದವರು, ಇನ್ನೊಂದು ಹತ್ತು ಜಾಸ್ತಿ ಮಾಡಿಸಿಕೊಂಡರೆ ಸರ್ಕಾರಿ ಕೆಲಸ ಗ್ಯಾರಂಟಿ ಅಂದುಕೊಂಡು ಮೆಡಿಕಲ್ ಬೋರ್ಡಿನ ಮುಂದೆ ಮತ್ತೆ ಸಾಲು ನಿಲ್ಲುತ್ತಾರೆ. ಯಾರು ಹೇಳಿದರು ಅಂತ ಕೇಳಿದರೆ ‘ಊರಾಗ ಎಲ್ಲಾರೂ ಹೇಳ್ತಾರ್ರಿ’.

ನಿಧಾನವಾಗಿ, ಒಂದೊಂದಾಗಿ ನೋಡೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 34ನೇ ಸೆಕ್ಷನ್ ಸರ್ಕಾರಿ ಹುದ್ದೆಗಳಲ್ಲಿ ಶೇ 4ಕ್ಕೆ ಕಡಿಮೆಯಿಲ್ಲದಂತೆ ಮೀಸಲಾತಿ ಇಟ್ಟಿದೆ. ಅಂಧರು ಮತ್ತು ಮಂದದೃಷ್ಟಿಯವರಿಗೆ 1, ಕಿವುಡರು ಮತ್ತು ಶ್ರವಣದೋಷ ಇರುವವರಿಗೆ 1, ಕೈಕಾಲಿನ ತೊಂದರೆ ಇರುವವರ ಗುಂಪಿಗೆ 1. ಕೊನೆಯ 1 ಆಟಿಸಂ, ಬುದ್ಧಿಮಾಂದ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ನ್ಯೂನತೆ ಎಲ್ಲಕ್ಕೂ ಸೇರಿ. ಇದರೊಳಗೆ ಬರಲು ಶೇ 40 ಸಾಕು. ಒಳಗೆ ಬಂದ ಮೇಲೆ ಆ ಅಂಕಿಯ ಕೆಲಸ ಮುಗಿಯಿತು. ಒಂದೇ ಗುಂಪಿನಲ್ಲಿ 42 ಇದ್ದವರೂ 85 ಇದ್ದವರೂ ಪರೀಕ್ಷೆಯ ಅಂಕದ ಮೇಲೆಯೇ ಪೈಪೋಟಿ ಮಾಡಬೇಕು. 85ರವರಿಗೆ ಮೊದಲ ಮಣೆ ಇಲ್ಲ. ಸಿನಿಮಾ ಟಿಕೆಟ್ ಇದ್ದಂತೆ ಅಂದುಕೊಳ್ಳಿ: ಗೇಟಿನಲ್ಲಿ ಹರಿದು ಕೊಟ್ಟ ಮೇಲೆ ಒಳಗೆ ಅದನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ಏನು ನೋಡಬೇಕು? ಅಧಿಸೂಚನೆಯಲ್ಲಿ ಹುದ್ದೆಯ ಮುಂದೆ ಇರುವ ಸಣ್ಣ ಅಕ್ಷರಗಳನ್ನು. ಕೇಂದ್ರ ಸರ್ಕಾರ 2021ರ ಜನವರಿ 4ರಂದು ವಿಕಲಚೇತನರಿಗೆ ಸೂಕ್ತವೆಂದು ಗುರುತಿಸಿದ 3,566 ಹುದ್ದೆಗಳ ಪಟ್ಟಿ ಹೊರಡಿಸಿತು. ಅದರಲ್ಲಿ ಪ್ರತಿ ಹುದ್ದೆಗೂ ಎರಡು ಬಗೆಯ ಗುರುತುಗಳಿವೆ. ಒಂದು, ಯಾರು ಅರ್ಹರು ಅನ್ನುವುದು: ‘ಒಎ’ ಅಂದರೆ ಒಂದು ಕೈ, ‘ಒಎಲ್’ ಒಂದು ಕಾಲು, ‘ಬಿಎಲ್’ ಎರಡೂ ಕಾಲು, ‘ಎಲ್‌ವಿ’ ಮಂದದೃಷ್ಟಿ. ಇನ್ನೊಂದು, ಆ ಕೆಲಸ ಏನನ್ನು ಕೇಳುತ್ತದೆ ಅನ್ನುವುದು: ‘ಎಸ್’ ಕೂರುವುದು, ‘ಎಸ್‌ಟಿ’ ನಿಲ್ಲುವುದು, ‘ಬಿಎನ್’ ಬಾಗುವುದು, ‘ಎಂಎಫ್’ ಬೆರಳಿನ ಕೆಲಸ, ‘ಎಸ್‌ಇ’ ನೋಡುವುದು. ಎರಡೂ ಕಾಲಿಗೆ ಪೋಲಿಯೊ ಇದ್ದವರು ‘ಒಎಲ್’ ಮಾತ್ರ ಇರುವ ಹುದ್ದೆಗೆ ಅರ್ಜಿ ಹಾಕಿ, ಪರೀಕ್ಷೆ ಪಾಸಾಗಿ, ದಾಖಲೆ ಪರಿಶೀಲನೆಯಲ್ಲಿ ವಾಪಸ್ ಬಂದದ್ದು ಎಷ್ಟೋ ಸಲ ಆಗಿದೆ. ಆ ಎರಡಕ್ಷರ ಓದಲು ಎರಡು ನಿಮಿಷ ಸಾಕಿತ್ತು. ಓದಿ ಬರೆಯಲು ತೊಂದರೆ ಇದ್ದವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ, ಬರೆಯುವವರ ನೆರವು ಇದ್ದೇ ಇದೆ. ಅರ್ಜಿ ತುಂಬುವಾಗಲೇ ಆ ಕಾಲಂ ತುಂಬಿರಬೇಕು ಅಷ್ಟೆ.

ಪರ್ಸೆಂಟೇಜ್ ಸಾಮರ್ಥ್ಯವನ್ನು ಅಳೆಯುವುದಿಲ್ಲ ಅನ್ನುವುದು ನಮ್ಮ ಮಾತು ಮಾತ್ರವಲ್ಲ. 2024ರ ಅಕ್ಟೋಬರ್ 15ರಂದು ಓಂಕಾರ್ ಗೊಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಎಂಬಿಬಿಎಸ್ ಸೀಟಿನ ಪ್ರಕರಣ ಅದು. ಬರೀ ಅಂಕಿ ನೋಡಿ ತಳ್ಳಿಹಾಕುವಂತಿಲ್ಲ, ಆ ಅಭ್ಯರ್ಥಿ ಓದನ್ನು ನಿಭಾಯಿಸಬಲ್ಲರೇ ಎಂದು ಮಂಡಳಿ ಪರಿಶೀಲಿಸಬೇಕು ಅನ್ನುವುದು ತೀರ್ಪು. ಕೋರ್ಟೇ ಅಂಕಿಯನ್ನು ಬದಿಗಿಟ್ಟಿರುವಾಗ ನೀವೇ ಮುಂದೆ ತಂದಿಡುವುದೇಕೆ?

ಖಾಸಗಿಯವರಲ್ಲಿ ಕಥೆ ಬೇರೆ. ಅವರಿಗೆ ಮೀಸಲಾತಿಯ ಕಡ್ಡಾಯ ಇಲ್ಲ. 20 ಅಥವಾ ಹೆಚ್ಚು ನೌಕರರಿರುವಲ್ಲಿ ಸಮಾನ ಅವಕಾಶ ನೀತಿ ಇರಬೇಕು, ಅದರಡಿ ಒಬ್ಬ ಸಂಪರ್ಕಾಧಿಕಾರಿ ಇರಬೇಕು ಅನ್ನುವುದು ನಿಯಮ. ಆ ನೀತಿ ಇದೆಯೇ ಅಂತ ಎಚ್‌ಆರ್‌ಗೆ ಮೊದಲೇ ಫೋನ್ ಮಾಡಿ ಕೇಳುವುದು ತಪ್ಪಲ್ಲ. ಸಂದರ್ಶನದ ಕೋಣೆಯಲ್ಲಿ ಕೂತು ಸೆಕ್ಷನ್ ನಂಬರ್ ಹೇಳುವುದು ಮಾತ್ರ ಬೇಡ. ಅದರಿಂದ ಕೆಲಸ ಸಿಕ್ಕವರು ಕಡಿಮೆ.

ಅಲ್ಲಿ ಹೇಳಬೇಕಾದದ್ದು ಮೂರೇ ವಾಕ್ಯ, ಈ ಕ್ರಮದಲ್ಲೇ: ಏನು ಮಾಡಬಲ್ಲೆ, ಯಾವುದು ಆಗುವುದಿಲ್ಲ, ಅದಕ್ಕೆ ಬದಲಿ ದಾರಿ ಏನು. ಬಳ್ಳಾರಿಯ ಜೀನ್ಸ್ ಯೂನಿಟ್ಟಿನ ಕೆಲಸವನ್ನೇ ತೆಗೆದುಕೊಳ್ಳಿ. ಬಲಗಾಲಿಗೆ ಪೋಲಿಯೊ ಇರುವ ಹೊಲಿಗೆಗಾರ್ತಿ. ಪವರ್ ಮೆಷಿನ್ನಿನ ಪೆಡಲ್ ಅಗಲವಾಗಿರುತ್ತದೆ, ಎಡಗಾಲಲ್ಲಿ ಒತ್ತಬಹುದು. ತೊಂದರೆ ಇರುವುದು ಮೇಜಿನ ಕೆಳಗೆ, ಬಟ್ಟೆ ಅದುಮಿ ಹಿಡಿಯುವ ‘ಫೂಟ್’ ಅನ್ನು ಬಲ ಮೊಣಕಾಲಿನಿಂದ ತಳ್ಳಿ ಎತ್ತುವ ಲಿಫ್ಟರಿನಲ್ಲಿ. ಅದು ಅವರಿಗೆ ಆಗುವುದಿಲ್ಲ. ಆದರೆ ಮೆಷಿನ್ನಿನ ತಲೆಯ ಹಿಂಬದಿಯಲ್ಲಿ ಅದೇ ಕೆಲಸಕ್ಕೆ ಕೈ ಲಿವರ್ ಇದೆ. ಆಗ ಮಾತು ಹೀಗಿರಬೇಕು: ‘ಸಿಂಗಲ್ ನೀಡಲ್ ಮೆಷಿನ್ನಿನ ಮ್ಯಾಲೆ ಸೈಡ್ ಸೀಮ್, ಪಾಕೆಟ್ ಹೊಲೀತೀನ್ರಿ. ಬಲ ಮೊಣಕಾಲಿಂದ ಲಿಫ್ಟರ್ ಎತ್ತಾಕ ಬರಂಗಿಲ್ಲ. ಕೈಲೆ ಲಿವರ್ ಎತ್ತತೀನಿ, ಪೆಡಲ್ ಸ್ವಲ್ಪ ಎಡಕ್ಕ ಸರಿಸಿ ಕೊಟ್ರ ಸಾಕು.’ ಪ್ರತಿ ಸಲ ಕೈ ಹಿಂದೆ ಹೋಗಿ ಬರುವುದರಿಂದ ಪೀಸ್ ಲೆಕ್ಕದಲ್ಲಿ ಸ್ವಲ್ಪ ಹಿಂದೆ ಬೀಳಬಹುದು, ಅದನ್ನೂ ಮುಚ್ಚಿಡಬೇಡಿ. ಪದೇ ಪದೇ ಬಟ್ಟೆ ತಿರುಗಿಸುವ ಪಾಕೆಟ್ಟಿಗಿಂತ ಉದ್ದ ಹೊಲಿಗೆಯ ಸೈಡ್ ಸೀಮ್ ಕೇಳಿದರೆ ನಷ್ಟ ಕಡಿಮೆ. ಇಷ್ಟು ಕೇಳಿದ ಸೂಪರ್‌ವೈಸರ್ 65 ಪರ್ಸೆಂಟ್ ಅನ್ನುವುದನ್ನು ಕೇಳುವುದೇ ಇಲ್ಲ, ‘ಅರ್ಧ ದಿನ ಕುಂತು ನೋಡಮ್ಮ’ ಅನ್ನುತ್ತಾರೆ. ಅನ್ನದಿದ್ದರೆ ನೀವೇ ಅರ್ಧ ದಿನದ ಟ್ರಯಲ್ ಕೇಳಿ.

ಕಂಪ್ಯೂಟರ್ ಕೆಲಸಕ್ಕೆ ಹೋಗುವ ದೃಷ್ಟಿದೋಷದವರು ಮಾಡುವ ತಪ್ಪು ಇನ್ನೊಂದು ಬಗೆಯದು. ‘ಸಾಫ್ಟ್‌ವೇರ್ ಹಾಕಿ ಕೊಟ್ರ ಮಾಡ್ತೀನಿ’ ಅಂದರೆ ಎದುರಿನವರಿಗೆ ಖರ್ಚು ಕಾಣುತ್ತದೆ. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರ್ ಉಚಿತ, ಕನ್ನಡವನ್ನೂ ಓದುತ್ತದೆ, ಪೆನ್‌ಡ್ರೈವಿನಿಂದಲೇ ನಡೆಯುವ ಪೋರ್ಟಬಲ್ ಪ್ರತಿ ಮಾಡಿಟ್ಟುಕೊಳ್ಳಬಹುದು ಅಂತ ಹೇಳಿ. ಕೆಲವು ಕಚೇರಿಗಳಲ್ಲಿ ಪೆನ್‌ಡ್ರೈವ್ ಹಾಕಲು ಬಿಡುವುದಿಲ್ಲ, ಹಿಂದಿನ ದಿನ ಫೋನಿನಲ್ಲಿ ಒಪ್ಪಿಗೆ ಪಡೆಯಿರಿ. ಒಂದು ಎಚ್ಚರಿಕೆ: ‘ನುಡಿ’ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪಾದ ಕಡತವನ್ನು ಅದು ಓದಲಾರದು, ಏನೇನೋ ಇಂಗ್ಲಿಷ್ ಅಕ್ಷರ ಉಸುರುತ್ತದೆ. ಯೂನಿಕೋಡ್ ಕಡತವೇ ಬೇಕು. ಇದನ್ನು ಮೊದಲೇ ಹೇಳದೆ ಟೆಸ್ಟಿಗೆ ಕೂತರೆ ‘ಇವರಿಗೆ ಬರಲ್ಲ’ ಅನ್ನುವ ತೀರ್ಮಾನ ಆಗಿಹೋಗುತ್ತದೆ.

ಕಿವಿ ಕೇಳದವರು ಒಂದು ನೋಟ್‌ಬುಕ್, ದಪ್ಪ ಪೆನ್ ಒಯ್ಯಿರಿ. ಪ್ರಶ್ನೆ ಬರೆದು ಕೊಡಿ ಅಂತ ಮೊದಲ ಪುಟದಲ್ಲಿ ಬರೆದೇ ಇಟ್ಟಿರಿ.

ಕಾಯಿಲೆಯ ಹೆಸರು ಹೇಳಬೇಕೇ ಅಂತ ಕೇಳುವವರಿದ್ದಾರೆ, ಮುಖ್ಯವಾಗಿ ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿರುವವರು. ಮೀಸಲಾತಿ ಕೇಳುವಾಗ ಪ್ರಮಾಣಪತ್ರ ತೋರಿಸಲೇಬೇಕು. ಖಾಸಗಿ ಕೆಲಸದಲ್ಲಿ, ರಾತ್ರಿ ಪಾಳಿ ಆಗುವುದಿಲ್ಲ ಎಂಬಂಥ ಅಗತ್ಯ ಇದ್ದರೆ ಆ ಅಗತ್ಯ ಹೇಳಿದರೆ ಸಾಕು ಅನ್ನುವುದು ನಮ್ಮ ಅಭಿಪ್ರಾಯ. ಯಂತ್ರದ ಬಳಿ ಅಪಾಯ ತರಬಹುದಾದ ಮೂರ್ಛೆಯಂಥದ್ದು ಇದ್ದರೆ ಮಾತ್ರ ಮುಚ್ಚಿಡುವುದು ಸರಿಯಲ್ಲ. ಮಾತ್ರೆ ಕೊಡುವ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ‘ಕೆಲಸ ಸಿಕ್ರ ಮಾಸಾಶನ ಹೋಗತೈತೇನ್ರಿ?’ ಅನ್ನುವ ಅಮ್ಮಂದಿರ ಭಯ ಸುಳ್ಳಲ್ಲ. ಅದಕ್ಕೆ ಆದಾಯ ಮಿತಿ ಇದೆ, ಸಂಬಳದ ಮೊತ್ತ ಗೊತ್ತಾದ ಮೇಲೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ ತೀರ್ಮಾನಿಸಿ.

ದಾಖಲೆಗಳಲ್ಲಿ ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಯುಡಿಐಡಿಯಲ್ಲಿ ಇನಿಷಿಯಲ್ಲೇ ಇಲ್ಲ. ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನು ತಿದ್ದಿಸಿ. ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಾದ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ ಇದಕ್ಕೆ ನೆರವಾಗುತ್ತಾರೆ. ತಾತ್ಕಾಲಿಕ ಪ್ರಮಾಣಪತ್ರವಾದರೆ ಅವಧಿ ನೋಡಿ. ರಾಜ್ಯ ಸರ್ಕಾರದ ಹುದ್ದೆಗೆ ಕಲ್ಯಾಣ ಕರ್ನಾಟಕದವರ ಮೀಸಲಾತಿ ಕೇಳುವುದಾದರೆ 371(ಜೆ) ಪ್ರಮಾಣಪತ್ರ ಬೇರೆಯೇ ಬೇಕು, ಉಪವಿಭಾಗಾಧಿಕಾರಿ ಕೊಡುತ್ತಾರೆ.

ಇನ್ನು ಅಪ್ಪ, ಅಣ್ಣ. ಅವರ ಪ್ರೀತಿಯ ಬಗ್ಗೆ ದೂರಿಲ್ಲ. ಗೇಟಿನ ಹತ್ತಿರದ ಚಹಾದಂಗಡಿಯಲ್ಲಿ ಕೂತಿರಲಿ. ‘ದಿನಾ ಹೆಂಗ ಬರ್ತೀಯಪ್ಪ?’ ಅನ್ನುವ ಪ್ರಶ್ನೆಗೆ ಉತ್ತರ ಅಭ್ಯರ್ಥಿಯ ಬಾಯಿಂದಲೇ ಬರಬೇಕು. ಈ ಪ್ರಶ್ನೆ ಕಾರ್ಖಾನೆಗಳಿರುವ ತೋರಣಗಲ್ಲಿನ ಕಡೆಯಾಗಲಿ ಗಿಣಿಗೇರಾ ಕಡೆಯಾಗಲಿ ಬಂದೇ ಬರುತ್ತದೆ. ‘ಬಸ್ ಪಾಸ್ ಐತ್ರಿ’ ಅಂದರೆ ಸಾಲದು. ಮೊದಲ ಪಾಳಿ ಬೆಳಿಗ್ಗೆ 6ಕ್ಕೆ ಅಂದರೆ ಊರಿಂದ ಮೊದಲ ಬಸ್ ಎಷ್ಟಕ್ಕೆ, ಇಳಿದ ಮೇಲೆ ಗೇಟಿನವರೆಗೆ ಎಷ್ಟು ನಡಿಗೆ, ಎರಡನೇ ಪಾಳಿ ಮುಗಿಸಿ ರಾತ್ರಿ ವಾಪಸ್ ಬಸ್ ಇದೆಯೇ. ಸಂದರ್ಶನಕ್ಕೆ ಎರಡು ದಿನ ಮೊದಲು, ಊರುಗೋಲಿನ ಸಮೇತ, ಅದೇ ಹೊತ್ತಿನ ಅದೇ ಬಸ್ಸು ಹತ್ತಿ ಗೇಟಿನವರೆಗೆ ಹೋಗಿ ಬನ್ನಿ. ಎಷ್ಟು ನಿಮಿಷ ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ.