ಹೊಡೆತದಿಂದ ಪಾರಾಗಲು ಧರ್ಮ ಬಿಡಬೇಕಿತ್ತು: ಮುಸ್ಲಿಂ ಹೆಣ್ಣುಮಕ್ಕಳ ರಕ್ಷಣೆಯ ಹಿಂದಿನ ಕಥೆ

1930ರ ಆಸುಪಾಸಿನಲ್ಲಿ ಪಂಜಾಬಿನ ಕೋರ್ಟುಗಳಿಗೆ ಮದುವೆಯಾದ ಮುಸ್ಲಿಂ ಹೆಂಗಸರು ಬಂದು, ತಾವು ಇಸ್ಲಾಂ ಬಿಟ್ಟಿದ್ದೇವೆ ಎಂದು ಹೇಳತೊಡಗಿದ್ದರು. ಅವರಲ್ಲಿ ಅನೇಕರಿಗೆ ಬೇಕಿದ್ದದ್ದು ಬೇರೆ ಧರ್ಮವಲ್ಲ, ಗಂಡನಿಂದ ಬಿಡುಗಡೆ.

ಇಸ್ಲಾಮಿನ ಕಾನೂನನ್ನು ವಿವರಿಸುವ ಪಂಥಗಳು ಹಲವು. ಭಾರತದ ಬಹುಪಾಲು ಮುಸ್ಲಿಮರು ಪಾಲಿಸುವುದು ಹನಫಿ ಪಂಥವನ್ನು. ಗಂಡ ಎಷ್ಟೇ ಹೊಡೆದರೂ, ಊಟ ಬಟ್ಟೆಗೆ ಕೊಡದಿದ್ದರೂ, ಆ ಪಂಥದ ಪ್ರಕಾರ ಹೆಂಡತಿ ಕೋರ್ಟಿನಿಂದ ವಿಚ್ಛೇದನ ಪಡೆಯುವುದು ತೀರಾ ಕಷ್ಟವಿತ್ತು. ಖುಲಾ, ಅಂದರೆ ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ, ಕೇಳಬಹುದಿತ್ತು, ಆದರೆ ಅದಕ್ಕೂ ಗಂಡನೇ ಒಪ್ಪಬೇಕಿತ್ತು. ಧರ್ಮ ಬಿಟ್ಟರೆ ಮಾತ್ರ ಮದುವೆ ತಾನಾಗಿಯೇ ಮುರಿಯುತ್ತದೆ ಅನ್ನುವುದು ಆಗ ನಡೆದುಬಂದ ತಿಳಿವಳಿಕೆ. ಏಟು ತಪ್ಪಿಸಿಕೊಳ್ಳಲು ದೇವರನ್ನೇ ಬಿಡಬೇಕು ಅಂದರೆ ಎಂಥ ಕಷ್ಟ ಅಲ್ವಾ?

ಇದು ಉಲೇಮಾಗಳನ್ನೂ, ಅಂದರೆ ಧರ್ಮ ಪಂಡಿತರನ್ನೂ, ಚಿಂತೆಗೆ ಹಚ್ಚಿತು. ಮೌಲಾನಾ ಅಶ್ರಫ್ ಅಲಿ ಥಾನವಿ ಪರಿಹಾರವನ್ನು ಇಸ್ಲಾಮಿನ ಒಳಗೇ ಹುಡುಕಿದರು. ಹೆಂಡತಿಗೆ ಹಾನಿಯಾಗುತ್ತಿದ್ದರೆ ಮದುವೆ ಬಿಡಿಸುವ ಅಧಿಕಾರವನ್ನು ಮಾಲಿಕಿ ಪಂಥ ಖಾಜಿಗೆ ಕೊಟ್ಟಿತ್ತು. ಹನಫಿಗಳೂ ಅದನ್ನು ಅನುಸರಿಸಬಹುದು ಎಂದು ಅವರು ಬರೆದರು. ಶಾಸನಸಭೆಯಲ್ಲಿ ಮುಹಮ್ಮದ್ ಅಹ್ಮದ್ ಕಾಝ್ಮಿ ಮಸೂದೆ ಮಂಡಿಸಿದರು. 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಬಂತು. ಗಂಡ ಹೊಡೆಯುತ್ತಲೇ ಇದ್ದರೆ ಹೆಂಡತಿ ಬಿಡುಗಡೆ ಕೇಳಬಹುದು. ಮೈಮೇಲೆ ಕೈ ಮಾಡದೆಯೇ ಬದುಕನ್ನು ನರಕ ಮಾಡಿದರೂ ಅದು ಕ್ರೌರ್ಯವೇ ಎಂದು ಆ ಕಾಯ್ದೆ ಆಗಲೇ ಹೇಳಿತ್ತು. ಜೊತೆಗೆ, ಧರ್ಮ ಬಿಟ್ಟ ಮಾತ್ರಕ್ಕೆ ಅಂಥವಳ ಮದುವೆ ಮುರಿಯುವುದಿಲ್ಲ ಎಂದು ಹಳೆಯ ಬಾಗಿಲನ್ನು ಮುಚ್ಚಿತು.

ಆದರೆ ಎಲ್ಲರಿಗೂ ವಿಚ್ಛೇದನ ಬೇಕಿರುವುದಿಲ್ಲ. ಹೊಡೆತ ನಿಲ್ಲಲಿ, ಮಕ್ಕಳ ಜೊತೆ ಅದೇ ಮನೆಯಲ್ಲಿ ಇರುತ್ತೇನೆ ಅನ್ನುವವರೂ ಇದ್ದಾರೆ. ಅವರಿಗೆ ದಶಕಗಳ ಕಾಲ ಸರಿಯಾದ ಉತ್ತರ ಸಿಗಲಿಲ್ಲ. 1983ರಲ್ಲಿ, ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವಾಗಿಸುವ 498ಎ ಕಲಂ ದಂಡಸಂಹಿತೆಗೆ ಸೇರಿತು. 2024ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಂಗಳಲ್ಲಿದೆ. ಅದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ, ಆದರೆ ಅದರ ದಾರಿ ಹೋಗುವುದು ಜೈಲಿಗೆ. 1985ರಲ್ಲಿ, ವಿಚ್ಛೇದಿತ ಮುಸ್ಲಿಂ ಹೆಂಗಸಿಗೆ ಗಂಡ ಜೀವನಾಂಶ ಕೊಡಬೇಕು ಎಂಬ ಸುಪ್ರೀಂ ಕೋರ್ಟಿನ ಶಾ ಬಾನೊ ತೀರ್ಪು ಬಂತು. ಮಾತೆಲ್ಲ ಧರ್ಮದ ಗೌರವ, ರಾಜಕೀಯದ ಕಡೆಗೆ ಹೊರಳಿತು. ಮನೆಯೊಳಗೆ ಏಟು ತಿನ್ನುವವಳ ಪಾಡು ಆ ಗದ್ದಲದಲ್ಲಿ ಮರೆಯಾಯಿತು. ಆಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು. ಪೊಲೀಸರ ಹತ್ತಿರ ಹೋದರೆ ಸಮುದಾಯದ ಮಾನ ಕಳೆದವಳು, ಹೋಗದಿದ್ದರೆ ಸುಮ್ನೆ ಸಹಿಸಿಕೊಂಡವಳು.

ಈ ಇಕ್ಕಟ್ಟನ್ನು ಬಿಡಿಸಲು ಮುಂದೆ ಬಂದವರು ಮುಸ್ಲಿಂ ಹೆಣ್ಣುಮಕ್ಕಳೇ. ಮುಂಬೈಯಲ್ಲಿ 1980ರ ದಶಕದಲ್ಲೇ ಆವಾಜ್-ಎ-ನಿಸ್ವಾನ್ ಎಂಬ ಮುಸ್ಲಿಂ ಹೆಂಗಸರ ಸಂಘಟನೆ ಶುರುವಾಯಿತು. ತಮಿಳುನಾಡಿನ ಪುದುಕೋಟ್ಟೈಯಲ್ಲಿ ಶರೀಫಾ ಖಾನಮ್ ಕಟ್ಟಿದ್ದು ಇನ್ನೂ ದಿಟ್ಟ ಕೆಲಸ. ಊರಿನ ಮುಸ್ಲಿಮರ ಜಗಳ ತೀರ್ಮಾನಿಸುವ ಮಸೀದಿಯ ಜಮಾತಿನಲ್ಲಿ ಕೂರುವವರೆಲ್ಲ ಗಂಡಸರು. ಹೆಂಗಸಿನ ಬದುಕಿನ ತೀರ್ಮಾನ ಅವಳಿಲ್ಲದ ಕೋಣೆಯಲ್ಲಿ ಆಗುತ್ತಿತ್ತು. ಹಾಗಾಗಿ ಅವರು ಹೆಂಗಸರದೇ ಜಮಾತ್ ಕಟ್ಟಿದರು. ನನ್ನ ಪ್ರಕಾರ ಈ ಇತಿಹಾಸದಲ್ಲೇ ದೊಡ್ಡ ಹೆಜ್ಜೆ ಅದು. ನಂಬಿಕೆಯನ್ನೂ ನೆರೆಹೊರೆಯನ್ನೂ ಬಿಡದೆ ನ್ಯಾಯ ಕೇಳಲು ಅಲ್ಲಿ ಒಂದು ಜಾಗ ಸಿಕ್ಕಿತು.

ಕಾನೂನಿನಲ್ಲಿ ಅಂಥ ಜಾಗ ಸಿಕ್ಕಿದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಿಂದ. ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಇದು ಧರ್ಮ ಕೇಳುವುದಿಲ್ಲ. ಹೆಂಡತಿಗಷ್ಟೇ ಅಲ್ಲ, ತಾಯಿ, ಅಕ್ಕತಂಗಿಯರಿಗೂ ಸಿಗುತ್ತದೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ಉಳಿಯುವ ಹಕ್ಕು ಅವಳಿಗಿದೆ. ಹೊಡೆಯಬಾರದು, ಹತ್ತಿರ ಬರಬಾರದು ಎಂದು ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಮಕ್ಕಳನ್ನು ತಾತ್ಕಾಲಿಕವಾಗಿ ಅವಳ ಸುಪರ್ದಿಗೆ ಕೊಡಬಹುದು, ಖರ್ಚಿಗೆ ಹಣ ಕೊಡಿಸಬಹುದು. ಗಂಡ ಆದೇಶ ಮುರಿದರೆ ಮಾತ್ರ ಅದು ಅಪರಾಧವಾಗುತ್ತದೆ. ತಲಾಖ್ ಆದ ಮೇಲೂ, ಅದಕ್ಕೆ ಮುಂಚೆ ನಡೆದ ಹಿಂಸೆಗೆ ಪರಿಹಾರ ಕೇಳಬಹುದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

2019ರಲ್ಲಿ ಒಂದೇ ಸಲ ಮೂರು ತಲಾಖ್ ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು ಎಂಬ ಕಾನೂನು ಬಂತು. ಗಂಡ ಒಳಗೆ ಹೋದರೆ ಮಕ್ಕಳಿಗೆ ಅನ್ನ ಎಲ್ಲಿಂದ ಎಂದು ಯೋಚಿಸುವವಳು ಅದನ್ನು ಬಳಸಲು ಹಿಂದೆಮುಂದೆ ನೋಡುತ್ತಾಳೆ. ಅವಳಿಗೆ 2005ರ ಕಾಯ್ದೆಯೇ ಹೆಚ್ಚು ಹತ್ತಿರ.

ಕೊರತೆ ಇರುವುದು ಜಾರಿಯಲ್ಲಿ. ಅರವತ್ತು ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ, ಆದರೆ ಅರ್ಜಿಗಳು ತಿಂಗಳುಗಟ್ಟಲೆ ಎಳೆಯುತ್ತವೆ. ಈ ಕಾಯ್ದೆಯಡಿ ಹೆಂಗಸರಿಗೆ ನೆರವಾಗಬೇಕಾದ ರಕ್ಷಣಾಧಿಕಾರಿಯ ಕೆಲಸವನ್ನು ಎಷ್ಟೋ ಕಡೆ ಬೇರೊಬ್ಬ ಅಧಿಕಾರಿಯ ಹೆಗಲಿಗೇ ಹೇರಿದ್ದಾರೆ.

ಈಗ ನೆರವು ಬೇಕಾದವರು 181 ಸಹಾಯವಾಣಿಗೆ ಕರೆ ಮಾಡಬಹುದು. ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಖಾಜಿಯ ಮುಂದೆ ಖುಲಾದ ಮಾತುಕತೆ ನಡೆಯುತ್ತಿದ್ದರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಒಂದಕ್ಕೊಂದು ಅಡ್ಡಿಯಿಲ್ಲ.