ಆಲೀಢ: ಯಾವ ಕಾಲು ಮುಂದೆ ಎನ್ನುವುದು ತಪ್ಪು ಪ್ರಶ್ನೆ

ದೇವಾಲಯದ ಶಿಲ್ಪಗಳ ಪಟ್ಟಿ ಮಾಡುವವರಿಗೂ ನೃತ್ಯ ಕಲಿಸುವವರಿಗೂ ಆಗಾಗ ಎದುರಾಗುವ ಒಂದು ಪದ ‘ಆಲೀಢ’: ಒಂದು ಕಾಲನ್ನು ಚಾಚಿ ಇನ್ನೊಂದನ್ನು ಮಡಿಸಿ ನಿಲ್ಲುವ ಭಂಗಿ. ಹೆಚ್ಚಿನ ವಿವರಣೆಗಳು ‘ಬಿಲ್ಲುಗಾರನ ನಿಲುವು’ ಎಂದು ಹೇಳಿ ಮುಂದೆ ಹೋಗುತ್ತವೆ. ಮುಂದಿರುವುದು ಎಡಗಾಲೋ ಬಲಗಾಲೋ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಈ ಗೊಂದಲಕ್ಕೆ ಮೂಲ ಗ್ರಂಥಗಳಿಗಿಂತ ನಾವು ಅವನ್ನು ಓದುವ ರೀತಿಯೇ ಹೆಚ್ಚು ಕಾರಣ.

ಸಂಸ್ಕೃತ ನಿಘಂಟಾದ ಅಮರಕೋಶವು ಪ್ರತ್ಯಾಲೀಢ, ಆಲೀಢ ಎರಡನ್ನು ಹೆಸರಿಸಿ ‘ಇತ್ಯಾದಿ ಸ್ಥಾನಪಂಚಕ’ (ಇಂಥ ಐದು ನಿಲುವುಗಳು) ಎಂದು ಮುಗಿಸುತ್ತದೆ. ಉಳಿದ ಮೂರು ಸಮಪದ, ವೈಶಾಖ ಮತ್ತು ಮಂಡಲ. ಇವುಗಳ ಅಳತೆ ಬೇಕೆಂದರೆ ಅಗ್ನಿಪುರಾಣದ ಧನುರ್ವೇದ (ಬಿಲ್ವಿದ್ಯೆ) ಭಾಗಕ್ಕೆ ಹೋಗಬೇಕು. ಸಮಪದದಲ್ಲಿ ಹೆಬ್ಬೆರಳು, ಹರಡು ಎಲ್ಲವೂ ಕೂಡಿಕೊಂಡಿರುತ್ತವೆ. ವೈಶಾಖದಲ್ಲಿ ಪಾದಗಳ ನಡುವೆ 3 ವಿತಸ್ತಿ (ಗೇಣು) ಅಂತರ, ಮೊಣಕಾಲುಗಳು ಬಿಗಿ. ಮಂಡಲದಲ್ಲಿ 4 ವಿತಸ್ತಿ ಅಂತರ, ಮೊಣಕಾಲುಗಳು ಹಂಸಗಳ ಸಾಲಿನ ಆಕಾರದಲ್ಲಿ. ಆಲೀಢಕ್ಕೆ 5 ವಿತಸ್ತಿ: ಬಲ ಮೊಣಕಾಲು ಮತ್ತು ತೊಡೆ ಸೆಟೆದಿರಬೇಕು, ಒಟ್ಟು ಆಕಾರ ನೇಗಿಲಿನಂತಿರಬೇಕು. ಇದನ್ನೇ ತಿರುವುಮುರುವು ಮಾಡಿದರೆ ಪ್ರತ್ಯಾಲೀಢ.

ಗಮನಿಸಿ, ಇಲ್ಲಿ ‘ಮುಂದೆ’ ಎಂಬ ಮಾತೇ ಇಲ್ಲ. ನಾಟ್ಯಶಾಸ್ತ್ರದಲ್ಲೂ ಇಲ್ಲ. ಮಂಡಲದಲ್ಲಿ ನಿಂತವನು ಬಲ ಪಾದವನ್ನು 5 ತಾಲ (ತಾಲವೂ ಒಂದು ಗೇಣಿನ ಅಳತೆಯೇ) ‘ಚಾಚಿದರೆ’ ಆಲೀಢ ಎಂದಷ್ಟೇ ಅದು ಹೇಳುತ್ತದೆ, ಅಧಿದೇವತೆ ರುದ್ರ. ಬಲಗಾಲನ್ನು ಮಡಿಸಿ ಎಡಗಾಲನ್ನು ಚಾಚಿದರೆ ಪ್ರತ್ಯಾಲೀಢ. ಅಂದರೆ ಹೆಸರನ್ನು ನಿರ್ಧರಿಸುವುದು ಚಾಚಿದ ಕಾಲು: ಬಲಗಾಲು ಚಾಚಿದ್ದರೆ ಆಲೀಢ, ಎಡಗಾಲು ಚಾಚಿದ್ದರೆ ಪ್ರತ್ಯಾಲೀಢ. ಆ ಕಾಲು ಶತ್ರುವಿನ ಕಡೆಗಿದೆಯೋ ಬೆನ್ನ ಹಿಂದಿದೆಯೋ ಎನ್ನುವುದು ಕೈಯಲ್ಲಿರುವ ಆಯುಧವನ್ನು ಅವಲಂಬಿಸಿದ ಬೇರೆಯೇ ವಿಷಯ.

ಬಿಲ್ಲನ್ನೇ ತೆಗೆದುಕೊಳ್ಳಿ. ಬಲಗೈಯವನು ಬಿಲ್ಲನ್ನು ಎಡಗೈಯಲ್ಲಿ ಹಿಡಿದು ಹೆದೆಯನ್ನು ಬಲಗೈಯಿಂದ ಎಳೆಯುತ್ತಾನೆ. ಅವನ ಎಡ ಪಾರ್ಶ್ವ ಗುರಿಯ ಕಡೆಗಿರುವುದರಿಂದ ಎಡಗಾಲು ಮುಂದೆ ಮಡಿದು, ಬಲಗಾಲು ಹಿಂದಕ್ಕೆ ಚಾಚಿಕೊಳ್ಳುತ್ತದೆ. ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಶಿವನಿಗೆ ಗುರಿಯಿಟ್ಟ ಮನ್ಮಥ ನಿಂತಿರುವುದು ಹೀಗೆಯೇ: ಮುಷ್ಟಿ ಬಲಗಣ್ಣಿನ ಕೊನೆಯಲ್ಲಿ, ಹೆಗಲು ಬಾಗಿದೆ, ಎಡಗಾಲು ಮಡಿದಿದೆ. ನೃತ್ಯಗ್ರಂಥವಾದ ಅಭಿನಯದರ್ಪಣದ ಆಲೀಢ ಮಂಡಲವೂ (ಅಲ್ಲಿ ಮಂಡಲ ಎಂದರೆ ನಿಲುವು) ಇದಕ್ಕೆ ಹೊಂದುತ್ತದೆ. ಅಲ್ಲಿ ಎಡ ಪಾದ ಬಲ ಪಾದದ ಮುಂದೆ 3 ವಿತಸ್ತಿ ದೂರದಲ್ಲಿ, ಎಡಗೈಯಲ್ಲಿ ಶಿಖರ, ಬಲಗೈಯಲ್ಲಿ ಕಟಕಾಮುಖ ಎಂಬ ಹಸ್ತಮುದ್ರೆಗಳು. ಶಿಖರ ಬಿಲ್ಲಿನ ಹಿಡಿ, ಕಟಕಾಮುಖ ಹೆದೆ ಎಳೆಯುವ ಬೆರಳು.

ಹಾಗಿದ್ದರೆ ಕೆಲವು ನಿಘಂಟುಗಳು ‘ಬಲಗಾಲು ಮುಂದೆ, ಎಡಗಾಲು ಹಿಂದೆ’ ಎನ್ನುವುದೇಕೆ? ಬಲಗೈಯಲ್ಲಿ ಕತ್ತಿ ಹಿಡಿದವನನ್ನು ನೆನೆದರೆ ಅದೂ ಸರಿಯೇ. ಅವನು ಬಲಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನು ಮಡಿದ ಎಡಗಾಲಿನ ಮೇಲೆ ಇಟ್ಟುಕೊಳ್ಳುತ್ತಾನೆ. ಹೊಡೆಯುವಾಗ ಪಾದ ಕದಲಿಸದೆ ಬಲ ಮೊಣಕಾಲನ್ನು ಮಡಿಸಿದರೆ ಸಾಕು, ಮೈಭಾರವೆಲ್ಲ ಮುಂದಕ್ಕೆ ಬಂದು ನಿಲುವು ಪ್ರತ್ಯಾಲೀಢವಾಗುತ್ತದೆ. ಆಲೀಢದಲ್ಲಿ ಹೂಡಿದ ಶಸ್ತ್ರವನ್ನು ಪ್ರತ್ಯಾಲೀಢದಿಂದ ಬಿಡಬೇಕು ಎಂಬ ನಾಟ್ಯಶಾಸ್ತ್ರದ ಮಾತನ್ನು ನಾನು ಹೀಗೆ ಅರ್ಥಮಾಡಿಕೊಳ್ಳುತ್ತೇನೆ. ಇವೆರಡನ್ನು ಬಿಡಿಬಿಡಿ ಭಂಗಿಗಳೆನ್ನುವುದಕ್ಕಿಂತ ಒಂದೇ ಚಲನೆಯ ಎರಡು ತುದಿಗಳು ಎನ್ನುವುದು ಮೇಲು.

ಅಳತೆಯಲ್ಲೂ ಎಡವುವವರಿದ್ದಾರೆ. ವಿತಸ್ತಿ ಎಂದರೆ 12 ಅಂಗುಲ, ನಮ್ಮ ಗೇಣು. ಒಂದು ಗೇಣಿಗೆ 9 ಇಂಚು ಹಿಡಿದರೆ 5 ಗೇಣು ಸುಮಾರು 114 ಸೆಂಟಿಮೀಟರ್ ಆಗುತ್ತದೆ. 165 ಸೆಂಟಿಮೀಟರ್ ಎತ್ತರದವರು ಅಷ್ಟು ಅಗಲಕ್ಕೆ ಕಾಲಿಟ್ಟರೆ ಸೊಂಟ ಸಿಕ್ಕಿಕೊಂಡಂತಾಗಿ ಮುಂದಿನ ಹೆಜ್ಜೆ ಎತ್ತಲಾಗದು. ಅಂಗುಲವನ್ನು ಅವರವರ ದೇಹದಿಂದಲೇ ಅಳೆಯಬೇಕು. ಶಿಲ್ಪದ ನವತಾಲ ಲೆಕ್ಕದಂತೆ ಮೈಯೆತ್ತರ 9 ತಾಲ, ಅಂದರೆ 108 ಅಂಗುಲವಾದರೆ ಅದೇ ವ್ಯಕ್ತಿಯ ತಾಲ 18 ಸೆಂಟಿಮೀಟರ್‌ಗಿಂತ ತುಸು ಹೆಚ್ಚು, 5 ತಾಲ ಸುಮಾರು 92. ಇದು ಮಾಡಬಹುದಾದ ಅಳತೆ. ಅಭಿನಯದರ್ಪಣದ 3 ವಿತಸ್ತಿ ಈ ಲೆಕ್ಕದಲ್ಲಿ 55 ಸೆಂಟಿಮೀಟರ್. ತಾಳಕ್ಕೆ ಸರಿಯಾಗಿ ಕಾಲು ಹಿಂದೆಗೆಯಬೇಕಾದ ನರ್ತಕರಿಗೆ ಅದೇ ಅನುಕೂಲ.

ಅಭ್ಯಾಸದಲ್ಲಿ ಮೊದಲು ಕೆಡುವುದು ಮಡಿದ ಮೊಣಕಾಲು. ಅದು ಪಾದದ ಬೆರಳುಗಳ ದಿಕ್ಕಿನಲ್ಲೇ ಬಾಗಬೇಕು. ಒಳಕ್ಕೆ ವಾಲಿದರೆ ಕೀಲು ತಿರುಚಿಕೊಂಡು ಕೆಲವೇ ದಿನಗಳಲ್ಲಿ ನೋವು ಶುರುವಾಗುತ್ತದೆ. ಚಾಚಿದ ಕಾಲಿನ ಹಿಮ್ಮಡಿ ನೆಲ ಬಿಟ್ಟರೆ ಆಧಾರ ಹೋಗಿ ಮುಂಡ ಮುಂದಕ್ಕೆ ಬೀಳುತ್ತದೆ. ಸೊಂಟ ತಗ್ಗಿಸುವ ಬದಲು ಎದೆ ಬಗ್ಗಿಸುವುದು ಇನ್ನೊಂದು ಚಾಳಿ. ದೂರದಿಂದ ನೋಡಿದವರಿಗೆ ನಿಲುವು ತಗ್ಗಿದಂತೆಯೇ ಕಾಣುವುದರಿಂದ ಇದನ್ನು ಪಕ್ಕದಿಂದ ನೋಡಿಯೇ ತಿದ್ದಬೇಕು.

ಶಿಲ್ಪ ಗುರುತಿಸುವವರ ತಪ್ಪು ಬೇರೆ ಬಗೆಯದು. ನೋಡುವವರ ಎಡವನ್ನು ಮೂರ್ತಿಯ ಎಡವೆಂದು ಬರೆದರೆ ಆಲೀಢ ಪ್ರತ್ಯಾಲೀಢವಾಗಿಬಿಡುತ್ತದೆ. ಬೌದ್ಧ ಮೂರ್ತಿಗಳಲ್ಲಿ ಇದು ಹೆಸರನ್ನೇ ಕೆಡಿಸೀತು: ದೇವತೆಗಳ ಧ್ಯಾನರೂಪಗಳನ್ನು ಹೇಳುವ ಸಾಧನಮಾಲೆ ಎಂಬ ಗ್ರಂಥದಲ್ಲಿ ಮಾರೀಚಿ ದೇವಿಗೆ ಆಲೀಢ, ಮಹಾಚೀನತಾರಾ ದೇವಿಗೆ ಪ್ರತ್ಯಾಲೀಢ. ಫೋಟೋ ಕನ್ನಡಿಬಿಂಬವಾಗಿ ಅಚ್ಚಾಗಿರುವುದೂ ಉಂಟು. ಶಾಸನದ ಅಕ್ಷರ ಅಥವಾ ಮೂರ್ತಿಯ ಯಜ್ಞೋಪವೀತ ನೋಡಿ ಖಚಿತಪಡಿಸಿಕೊಳ್ಳಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿರುವಂಥ ಯುದ್ಧದ ಫಲಕಗಳಲ್ಲಿ ಬಿಲ್ಲುಗಾರರು ಎದುರುಬದುರಾಗಿ ನಿಂತಾಗ ಎರಡೂ ಬದಿಯ ಕಾಲುಗಳನ್ನು ಒಂದೇ ಹೆಸರಿನಿಂದ ಕರೆಯುವ ಮುನ್ನ ಬಿಲ್ಲು ಯಾವ ಕೈಯಲ್ಲಿದೆ ಎಂದು ನೋಡಿ. ಅರ್ಜುನನಾದರಂತೂ ಸವ್ಯಸಾಚಿ; ಎಡಗೈಯಿಂದ ಹೆದೆಯೆಳೆದು ಪ್ರತ್ಯಾಲೀಢದಲ್ಲಿ ನಿಂತಿದ್ದರೆ ಶಿಲ್ಪಿಯ ತಪ್ಪೆಂದು ಬರೆಯಬೇಕಿಲ್ಲ.

ಬರವಣಿಗೆಯಲ್ಲಿ ‘ಆಲೀಡ’ ಎಂಬ ಅಲ್ಪಪ್ರಾಣದ ರೂಪ ತಪ್ಪು. ಧಾತು ‘ಲಿಹ್’, ನೆಕ್ಕು ಎಂದರ್ಥ. ಲೇಹ್ಯವೂ ಅದರಿಂದಲೇ ಬಂದದ್ದು. ಈ ವ್ಯುತ್ಪತ್ತಿಯಿಂದ ಭಂಗಿಯ ಅರ್ಥ ಹಿಂಡಲು ಹೋಗದಿರುವುದು ಒಳ್ಳೆಯದು. ‘ಆಲೀಢಾಸನ’ಕ್ಕಿಂತ ‘ಆಲೀಢಸ್ಥಾನ’ ಸರಿ. ಮೂರ್ತಿಯ ಕಾಲು ಮುರಿದಿದ್ದರೆ ತೊಡೆಯ ಓರೆಯಿಂದ ಊಹಿಸಬಹುದಾದರೂ, ದಾಖಲೆಯಲ್ಲಿ ‘ಬಲ ತೊಡೆ ಹೊರಕ್ಕೆ ಚಾಚಿದೆ, ಮೊಣಕಾಲಿನ ಕೆಳಗೆ ಭಗ್ನ’ ಎಂದು ಕಂಡದ್ದನ್ನು ಬರೆದು, ಭಂಗಿಯ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಸೇರಿಸಬೇಕು.